‘ಐ7 ಹಾಕಿಸ್ಲಾ, ಐ5 ಸಾಕಾ?’

ಗೇಮಿಂಗ್ ಕಂಪ್ಯೂಟರ್ ಜೋಡಿಸಿಕೊಳ್ಳಬೇಕೆಂದು 70–80 ಸಾವಿರ ರೂಪಾಯಿ ಎತ್ತಿಟ್ಟವರೆಲ್ಲ ನನಗೆ ಫೋನ್ ಮಾಡಿ ಮೊದಲು ಕೇಳುವುದು ಇದನ್ನೇ. ಐ7, ಐ5 ಎಂದರೆ ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳ, ಅಂದರೆ ಕಂಪ್ಯೂಟರ್‌ನ ಲೆಕ್ಕ ಮಾಡುವ ಮುಖ್ಯ ಚಿಪ್‌ಗಳ, ದರ್ಜೆಗಳು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನೇ ಕಳುಹಿಸುತ್ತೇನೆ. ಬೇಸರ ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ಐ7 ಬೇಡ. ಆ ಬಜೆಟ್‌ಗೆ ಆರು ಕೋರ್‌ನ (ಕೋರ್ ಎಂದರೆ ಪ್ರೊಸೆಸರ್‌ನೊಳಗಿನ ಒಂದೊಂದು ಲೆಕ್ಕಘಟಕ) ಎಎಂಡಿ ಕಂಪನಿಯ ರೈಜನ್ 5 7600 ಆದರೂ ಸಾಕು, ಈಚಿನ ತಲೆಮಾರಿನ ಐ5 ಆದರೂ ಸಾಕು. ಅಲ್ಲಿ ಉಳಿದ ಹಣ ಗ್ರಾಫಿಕ್ಸ್ ಕಾರ್ಡ್‌ಗೆ ಹೋಗಲಿ, ಏಕೆಂದರೆ ಆಟದ ಒಂದೊಂದು ಚಿತ್ರವನ್ನೂ ಬಿಡಿಸುವುದು ಅದು. ಅಷ್ಟಕ್ಕೂ ‘ಐ7’ ಎಂದಷ್ಟೇ ಹೇಳಿದರೆ ಅದು ಯಾವ ಕಾಲದ್ದೆಂದು ಯಾರಿಗೆ ಗೊತ್ತಾಗಬೇಕು? 2011ರ ಐ7-2600 ಕೂಡ ಐ7. ಎರಡರಲ್ಲೂ ನಾಲ್ಕೇ ಕೋರ್ ಇದ್ದರೂ 2022ರ ಐ3-12100 ಆಟಗಳಲ್ಲಿ ಅದನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ಕಚೇರಿಗಳು ಹೊರಹಾಕಿದ ಹಳೆಯ ಯಂತ್ರಗಳಿಗೆ ಬಣ್ಣದ ದೀಪ ಸಿಕ್ಕಿಸಿ ‘ಐ7 ಗೇಮಿಂಗ್ ಪಿಸಿ’ ಎಂದು ಮಾರುವವರ ವ್ಯಾಪಾರ ನಡೆಯುವುದೇ ಈ ಪ್ರಶ್ನೆಯಿಂದ.

ಹಾಸನದ ನಮ್ಮ ನೆಂಟರ ಹುಡುಗನೊಬ್ಬ ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಜೋಡಿಸಿಕೊಂಡಿದ್ದ. ರೈಜನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, ಮುಂದೆಲ್ಲ ಗಾಜಿನ ಕ್ಯಾಬಿನೆಟ್. ಸಿನಿಮಾ ನೋಡಿದರೆ ಏನೂ ತೊಂದರೆಯಿಲ್ಲ. ಆಟ ತೆರೆದು ಸ್ವಲ್ಪ ಹೊತ್ತಿಗೆ ಯಂತ್ರ ತಾನಾಗಿ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಅಂಗಡಿಯವರು ವಿಂಡೋಸ್ ಮತ್ತೆ ಹಾಕಿಕೊಳ್ಳಲು ಹೇಳಿದರು, ಹಾಕಿದ್ದಾಯಿತು, ಏನೂ ಬದಲಾಗಲಿಲ್ಲ. ಆಗ ಅವನು ನನ್ನನ್ನು ಕೇಳಿದ್ದು: “ಅಣ್ಣಾ, ಪ್ರೊಸೆಸರ್ ಸಾಕಾಗ್ತಿಲ್ವೇನೋ, ಐ7 ಹಾಕಿಸ್ಲಾ?” ಅವನ ಮದರ್‌ಬೋರ್ಡ್ ಎಎಂಡಿ ಪ್ರೊಸೆಸರ್‌ಗಳದ್ದು, ಅದರಲ್ಲಿ ಐ7 ಕೂರುವುದೇ ಇಲ್ಲ.

ಪಕ್ಕದ ಮುಚ್ಚಳ ಬಿಚ್ಚಿ, ಗೋಡೆಯ ವಿದ್ಯುತ್ತನ್ನು ಒಳಗಿನ ಭಾಗಗಳಿಗೆ ಹೊಂದಿಸಿ ಕೊಡುವ ಡಬ್ಬಿಯಾದ ಎಸ್‌ಎಂಪಿಎಸ್ ಹೊರತೆಗೆದೆ. ಮೇಲೆ ದಪ್ಪ ಅಕ್ಷರದಲ್ಲಿ 500 ವ್ಯಾಟ್ ಎಂದಿತ್ತು. ಅದರ ಕೆಳಗಿನ ಸಣ್ಣ ಕೋಷ್ಟಕದಲ್ಲಿ, 12 ವೋಲ್ಟ್‌ನ ಎದುರಿಗೆ, 18 ಆಂಪಿಯರ್ ಎಂದಿತ್ತು. ಈಗಿನ ಕಂಪ್ಯೂಟರ್‌ನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚುಕಡಿಮೆ ಪೂರ್ತಿಯಾಗಿ 12 ವೋಲ್ಟ್‌ನಿಂದಲೇ ವಿದ್ಯುತ್ ಎಳೆಯುತ್ತವೆ. 12ನ್ನು 18ರಿಂದ ಗುಣಿಸಿದರೆ ಸಿಗುವುದು 216 ವ್ಯಾಟ್. ಆ ಕಾರ್ಡ್‌ಗೆ 170, ಪ್ರೊಸೆಸರ್‌ಗೆ 65, ಅಲ್ಲಿಗೇ 235 ಆಯಿತು. ಫ್ಯಾನು, ಎಸ್‌ಎಸ್‌ಡಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಒಳ್ಳೆಯ ಕಂಪನಿಯ 650 ವ್ಯಾಟ್‌ನದು ಹಾಕಿದ ಮೇಲೆ ಆ ಯಂತ್ರ ಒಮ್ಮೆಯೂ ನಿಂತಿಲ್ಲ.

ಅವನ ಬಳಿಯಿದ್ದ ಕೊಟೇಶನ್ ಚೀಟಿಯಲ್ಲಿ ಪ್ರೊಸೆಸರ್, ಕಾರ್ಡ್, ಬೋರ್ಡ್ ಎಲ್ಲದರ ಮುಂದೆಯೂ ಕಂಪನಿ ಮತ್ತು ಮಾಡೆಲ್ ಇತ್ತು. ಒಂದು ಸಾಲಿನಲ್ಲಿ ಮಾತ್ರ ‘ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್’ ಎಂದಷ್ಟೇ ಇತ್ತು. ನನ್ನನ್ನು ಕೇಳಬೇಕಾದದ್ದು ಇದನ್ನು: “ಈ ಕೊಟೇಶನ್‌ನಲ್ಲಿ ಏನನ್ನು ಬರೆದಿಲ್ಲ?” ಹಾಗೆ ಕೇಳಿದವರ ಜೊತೆ ರಾತ್ರಿ ಹನ್ನೊಂದರವರೆಗೂ ಕೂತು ಮಾತಾಡಲು ನಾನು ತಯಾರು.

ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 5060 ಟಿಐ ಎಂದು ಬರೆದು ಅದರ ಮೆಮೊರಿ 8 ಜಿಬಿಯೋ 16 ಜಿಬಿಯೋ ಎಂದು ಬರೆಯದ ಚೀಟಿಗೆ ಮುಂಗಡ ಕೊಡಬೇಡಿ. ಒಂದೇ ಹೆಸರಿನಲ್ಲಿ ಎರಡೂ ಮಾರಾಟವಾಗುತ್ತವೆ, ಆರ್‌ಎಕ್ಸ್ 9060 ಎಕ್ಸ್‌ಟಿ ಕೂಡ ಹಾಗೆಯೇ, ಮತ್ತು ಹೊಸ ದೊಡ್ಡ ಆಟಗಳಿಗೆ 8 ಜಿಬಿ ಇಕ್ಕಟ್ಟಾಗತೊಡಗಿದೆ. ‘ರ‍್ಯಾಮ್ 16 ಜಿಬಿ’ ಎಂದಿದ್ದರೆ ಒಂದು ಕಡ್ಡಿಯೋ ಎರಡು ಕಡ್ಡಿಯೋ ಎಂದು ಕೇಳಿ. ಎಂಟೆಂಟರ ಎರಡು ಕಡ್ಡಿಗಳಿದ್ದರೆ ಪ್ರೊಸೆಸರ್‌ಗೆ ಎರಡು ದಾರಿಯಲ್ಲಿ ಮಾಹಿತಿ ಹರಿಯುತ್ತದೆ. 6000 ವೇಗದ ಡಿಡಿಆರ್5 ರ‍್ಯಾಮ್‌ಗೆ ಹಣ ಕೊಟ್ಟಿದ್ದರೆ ಬಯಾಸ್‌ಗೆ (ಯಂತ್ರದ ಮೂಲ ಸೆಟ್ಟಿಂಗ್‌ಗಳ ಪರದೆಗೆ) ಹೋಗಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಎಂಬ ವೇಗದ ಸೆಟ್ಟಿಂಗ್ ಆನ್ ಮಾಡಬೇಕು, ಇಲ್ಲದಿದ್ದರೆ ಅದು ಅದಕ್ಕಿಂತ ಕಡಿಮೆ ವೇಗದಲ್ಲಿಯೇ ಓಡುತ್ತಿರುತ್ತದೆ. ಬೆಲೆಗಳನ್ನು ನಾನಿಲ್ಲಿ ಬೇಕೆಂದೇ ಬರೆದಿಲ್ಲ. 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಏರಿದ ರೀತಿ ನೋಡಿದ ಮೇಲೆ ಯಾವ ಅಂಕಿಯನ್ನು ನಂಬಿ ಬರೆಯಲಿ?

ಎಸ್‌ಎಂಪಿಎಸ್ ವಿಷಯ ಎತ್ತಿದ ಕೂಡಲೇ ನನಗೆ ಕಮಿಷನ್ ಬರುತ್ತದೆಂದು ತಿಳಿಯುವವರಿದ್ದಾರೆ. ಯಾವ ಅಂಗಡಿಯಿಂದಲೂ ನನಗೆ ಒಂದು ರೂಪಾಯಿ ಬರುವುದಿಲ್ಲ. ‘80 ಪ್ಲಸ್’ ಮುದ್ರೆ ನೋಡಿ ಕೊಂಡರೆ ಸಾಲದೇ ಎಂದರೆ, ಸಾಲದು. ಗೋಡೆಯ ಪ್ಲಗ್‌ನಿಂದ ತೆಗೆದುಕೊಂಡ ವಿದ್ಯುತ್ತಿನಲ್ಲಿ ಎಷ್ಟು ಪಾಲು ಪೋಲಾಗದೆ ಒಳಗೆ ತಲುಪುತ್ತದೆ ಎಂಬುದನ್ನು ಆ ಮುದ್ರೆ ಹೇಳುತ್ತದೆ, ಒಳಗಿನ ಬಿಡಿಭಾಗಗಳ ಗಟ್ಟಿತನವನ್ನು ಹೇಳುವುದಿಲ್ಲ. 12 ವೋಲ್ಟ್‌ನ ಆಂಪಿಯರ್ ನೋಡಿ, ಗುಣಿಸಿ. ಬರುವ ಸಂಖ್ಯೆ ಡಬ್ಬಿಯ ಮೇಲಿನ ವ್ಯಾಟ್‌ಗೆ ಹತ್ತಿರವಿರಬೇಕು.

ಇನ್ನು ಮಾನಿಟರ್. ಅದನ್ನು ಚೀಟಿಯಲ್ಲಿ ಸೇರಿಸುವವರೇ ಕಡಿಮೆ, “ಹಳೇದು ಇದೆ” ಎನ್ನುತ್ತಾರೆ. ಆ ಹಳೆಯದು 60 ಹರ್ಟ್ಸ್‌ನದಾದರೆ ಕಾರ್ಡ್ ಸೆಕೆಂಡಿಗೆ 120 ಚಿತ್ರ ಬಿಡಿಸಿಕೊಟ್ಟರೂ ಪರದೆ 60 ಬಾರಿ ಮಾತ್ರ ಬದಲಾಗುತ್ತದೆ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿದ್ದರೆ 1440ಪಿಯಲ್ಲಿ 36.9 ಲಕ್ಷ, ಅಷ್ಟೂ ಚುಕ್ಕೆಗಳನ್ನು ತುಂಬುವ ಕೆಲಸ ಕಾರ್ಡ್‌ನದು. ಪರದೆ ಯಾವುದೆಂದು ತಿಳಿಯದೆ ಕಾರ್ಡ್ ಯಾವುದೆಂದು ನಾನು ಹೇಗೆ ಹೇಳಲಿ?

ಆದ್ದರಿಂದ ಫೋನ್ ಮಾಡುವ ಮೊದಲು ಆಡುವ ಮೂರು ಆಟಗಳ ಹೆಸರು, ಮಾನಿಟರ್‌ನ ಮಾಡೆಲ್, ಮತ್ತು ಅಂಗಡಿಯ ಕೊಟೇಶನ್‌ನ ಪೂರ್ತಿ ಫೋಟೋ ಕಳುಹಿಸಿ.