ಬಾಳೆದಿಂಡಿಗೆ ಮಜ್ಜಿಗೆ ನೀರು ಯಾಕೆ? ನಾಲ್ಕು ಭಾನುವಾರಗಳ ಪ್ರಯೋಗ

ಮೊದಲ ಭಾನುವಾರ

ಬಾಳೆದಿಂಡು ಹೆಚ್ಚಲು ಕೂತರೆ ಅಮ್ಮ ಪಕ್ಕದಲ್ಲಿ ಒಂದು ಪಾತ್ರೆ ಮಜ್ಜಿಗೆ ನೀರು ಇಟ್ಟುಕೊಂಡೇ ಕೂರುತ್ತಾಳೆ. ಬಿಲ್ಲೆ ಮಾಡು, ನಾರನ್ನು ಬೆರಳಿಗೆ ಸುತ್ತಿ ತೆಗೆ, ಮಜ್ಜಿಗೆಗೆ ಹಾಕು. ಹಾಕದಿದ್ದರೆ ಪಲ್ಯ ಕಪ್ಪು. ಯಾಕೆ ಅಂತ ಕೇಳಿದೆ. "ಕರೆ ಇರತ್ತಲ್ಲ, ಹುಳಿ ಅದನ್ನ ತಡೆಯತ್ತೆ" ಅಂದಳು.

ಪುಸ್ತಕದ ಉತ್ತರವೂ ಹೆಚ್ಚು ಬೇರೆ ಇಲ್ಲ. ದಿಂಡು, ಬದನೆ, ಆಲೂಗಡ್ಡೆಯ ಜೀವಕೋಶದಲ್ಲಿ ಫಿನಾಲ್ ಎಂಬ ವಸ್ತುಗಳು ಒಂದು ಕಡೆ, ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಕತ್ತಿ ತಾಗಿದರೆ ಗೋಡೆ ಒಡೆದು ಎರಡೂ ಸೇರುತ್ತವೆ. ಗಾಳಿಯ ಆಮ್ಲಜನಕ ಬಳಸಿಕೊಂಡು ಕಿಣ್ವ ಫಿನಾಲನ್ನು ಕ್ವಿನೋನ್ ಮಾಡುತ್ತದೆ. ಕ್ವಿನೋನ್‌ಗಳು ಒಂದಕ್ಕೊಂದು ಅಂಟಿಕೊಂಡು ಕಂದು ಬಣ್ಣವಾಗುತ್ತವೆ. ಹುಳಿ ಈ ಕಿಣ್ವವನ್ನು ನಿಲ್ಲಿಸುತ್ತದೆ.

ಆದರೆ ಮಜ್ಜಿಗೆ ಇಲ್ಲದ ದಿನ ನಿಂಬೆ ಹಿಂಡಿದರೂ ಕೆಲಸ ಆಗುತ್ತದೆ. ನಿಂಬೆಯಲ್ಲಿ ಹುಳಿಯ ಜೊತೆ ವಿಟಮಿನ್ ಸಿ ಕೂಡ ಇದೆ. ಹಾಗಾದರೆ ತಡೆಯುವುದು ಹುಳಿಯೋ, ವಿಟಮಿನ್ನೋ? ಇದೇ ನನ್ನ ಪ್ರಶ್ನೆ.

ದಿಂಡಿನ ಬಿಲ್ಲೆಗಳನ್ನು ಆರು ತಟ್ಟೆಯಲ್ಲಿ ಇಟ್ಟು ನೋಡಿದೆ. ದಂಡ. ಒಳಗಿನ ಬಿಲ್ಲೆ ಒಂದು ಥರ, ಹೊರಗಿನದು ಇನ್ನೊಂದು ಥರ ಕಪ್ಪಾಯಿತು. ಒಂದೇ ತಟ್ಟೆಯ ಎರಡು ಬಿಲ್ಲೆಗೇ ಹೊಂದಾಣಿಕೆ ಇಲ್ಲದ ಮೇಲೆ ಆರು ತಟ್ಟೆ ಹೋಲಿಸಿ ಏನು ಪ್ರಯೋಜನ?

ಎರಡನೇ ಭಾನುವಾರ

ಈ ಸಲ ಆಲೂಗಡ್ಡೆ ರಸ. ರಸವಾದರೆ ಎಲ್ಲ ಲೋಟಕ್ಕೂ ಒಂದೇ ಅಳತೆ, ಒಂದೇ ಗುಣ. ತುರಿದು ಬಟ್ಟೆಯಲ್ಲಿ ಹಿಂಡಿ, ಸಿರಿಂಜು ಹುಡುಕುವಷ್ಟರಲ್ಲಿ ರಸ ಆಗಲೇ ಗುಲಾಬಿ ಬಣ್ಣಕ್ಕೆ ತಿರುಗಿತ್ತು! ಚೆಲ್ಲಿದೆ. ಎರಡನೇ ಸಲ ಆಲೂಗಡ್ಡೆಯನ್ನು ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿದೆ. ಲೋಟಗಳಲ್ಲಿ 20 ಮಿ.ಲೀ. ದ್ರವ ಮೊದಲೇ ಹಾಕಿಟ್ಟು, ಹಿಂಡಿದ ಕೂಡಲೇ ಒಂದೊಂದಕ್ಕೂ 10 ಮಿ.ಲೀ. ರಸ ಬಿಟ್ಟೆ. ಕೆಳಗೆ ಬಿಳಿ ಹಾಳೆ, ಐದೈದು ನಿಮಿಷಕ್ಕೆ ಫೋನಿನಲ್ಲಿ ಒಂದು ಫೋಟೋ.

ಇಲ್ಲೊಂದು ತಪ್ಪು ಮಾಡಿದ್ದೆ. ರಸ ಹಾಕುವ ಮುಂಚಿನ ದ್ರವದ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಬರೆದುಕೊಂಡು ಖುಷಿಯಾಗಿದ್ದೆ. ಕಿಣ್ವಕ್ಕೆ ತಾಗುವುದು ಬೆರೆತ ಮೇಲಿನ ಪಿಎಚ್ ಅಲ್ವಾ? ನೀರು ಬೆರೆಸಿದ ವಿನೆಗರ್ ಒಂಟಿಯಾಗಿದ್ದಾಗ 2.9 ತೋರಿಸಿತ್ತು, ರಸ ಸೇರಿದ ಮೇಲೆ 3.9. ಆಲೂಗಡ್ಡೆ ರಸವೇ ಅಷ್ಟು ಹುಳಿಯನ್ನು ನುಂಗಿ ಹಾಕಿತ್ತು. ಪಿಎಚ್ ಲೆಕ್ಕದಲ್ಲಿ ಒಂದು ಅಂಕಿ ಅಂದರೆ ಹತ್ತು ಪಟ್ಟು, ಹಾಗಾಗಿ ಇದು ಸಣ್ಣ ತಪ್ಪಲ್ಲ. ಅಂದಹಾಗೆ, ಈ ಪಿಎಚ್ ಅಳತೆ ಹುಟ್ಟಿದ್ದೇ ಕಿಣ್ವಗಳ ಕೆಲಸದಿಂದ. 1909ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್ಸೆನ್ ಎಂಬ ರಸಾಯನ ವಿಜ್ಞಾನಿ ಕಿಣ್ವಗಳನ್ನು ಅಳೆಯುತ್ತಿದ್ದಾಗ ಇದನ್ನು ತಂದರು. ಬಿಯರ್ ಕಂಪನಿ ಕಟ್ಟಿಸಿದ ಪ್ರಯೋಗಾಲಯ ಅದು.

ಬೆರೆತ ಮೇಲಿನ ಅಂಕಿ ಇಟ್ಟುಕೊಂಡು ಫಲಿತಾಂಶ ಹೀಗಿದೆ. ಬರೀ ನೀರಿನ ಲೋಟ (6.0) ಐದು ನಿಮಿಷಕ್ಕೆ ಗುಲಾಬಿ, ಇಪ್ಪತ್ತಕ್ಕೆ ಕಂದು, ಒಂದು ಗಂಟೆಗೆ ಕಾಫಿ ಡಿಕಾಕ್ಷನ್. ಮಜ್ಜಿಗೆ ತಿಳಿಯದು (4.9) ನಿಧಾನ, ಆದರೆ ಪೂರ್ತಿ ನಿಲ್ಲಲಿಲ್ಲ. ಒಂದು ಗಂಟೆಗೆ ತಿಳಿ ಚಹಾದಷ್ಟು ಬಣ್ಣ ಬಂತು. ವಿನೆಗರ್ (3.9) ಹತ್ತಿರ ಹಿಡಿದು ನೋಡಿದರೆ ಮಾತ್ರ ಸ್ವಲ್ಪ ಬಣ್ಣ. ಸಿಟ್ರಿಕ್ ಆಸಿಡ್ ಪುಡಿ (2.6) ಹಾಕಿದ್ದರಲ್ಲಿ ಬಣ್ಣವೇ ಇಲ್ಲ, ಆದರೆ ಒಡೆದ ಹಾಲಿನ ಹಾಗೆ ಬಿಳಿ ಗಷ್ಟು ಕೂತಿತ್ತು. ಆಲೂಗಡ್ಡೆಯ ಪ್ರೋಟೀನು ಹುಳಿಗೆ ಒಡೆದದ್ದು ಅದು.

ಸುಣ್ಣದ ತಿಳಿ ಹಾಕಿದ ಲೋಟ ನನ್ನನ್ನು ಏಮಾರಿಸಿತು. ರಸ ಬಿದ್ದ ತಕ್ಷಣ ಹಳದಿ! ಕ್ಷಾರದಲ್ಲಿ ಕಿಣ್ವ ಇನ್ನೂ ಜೋರು ಅಂತ ಬರೆದುಬಿಡುವವಳಿದ್ದೆ. ಪುಣ್ಯಕ್ಕೆ ಕುದಿಸಿದ ರಸ ಪಕ್ಕದಲ್ಲೇ ಇತ್ತು. ಕುದಿಸಿದರೆ ಕಿಣ್ವ ಸತ್ತಿರುತ್ತದೆ. ಅದಕ್ಕೂ ಸುಣ್ಣದ ತಿಳಿ ಬಿಟ್ಟೆ, ಅದೂ ಹಳದಿಯಾಯಿತು. ಅಂದರೆ ಇದು ಕಿಣ್ವದ ಕೆಲಸವಲ್ಲ, ಫಿನಾಲ್‌ಗಳು ಕ್ಷಾರದಲ್ಲಿ ತಾವಾಗೇ ಬಣ್ಣ ಬದಲಿಸಿದ್ದು.

ಹುಳಿ ನಿಜಕ್ಕೂ ಏನು ಮಾಡುತ್ತದೆ? ಈ ಕಿಣ್ವದ ನಡುವೆ ತಾಮ್ರದ ಎರಡು ಪರಮಾಣುಗಳಿವೆ. ಕಿಣ್ವವೂ ಪ್ರೋಟೀನೇ. ಒಂದೊಂದು ತಾಮ್ರವನ್ನೂ ಆ ಪ್ರೋಟೀನಿನ ಕೊಂಡಿಗಳಾದ ಮೂರು ಮೂರು ಹಿಸ್ಟಿಡಿನ್‌ಗಳು ಹಿಡಿದುಕೊಂಡಿರುತ್ತವೆ. ಹುಳಿ ಜಾಸ್ತಿ ಅಂದರೆ ಹೈಡ್ರೋಜನ್ ಅಯಾನು ಜಾಸ್ತಿ, ಅವೂ ಹಿಸ್ಟಿಡಿನ್‌ಗೇ ಬಂದು ಅಂಟುತ್ತವೆ. ಆಗ ತಾಮ್ರದ ಮೇಲಿನ ಹಿಡಿತ ಸಡಿಲವಾಗುತ್ತದೆ. ಹುಳಿ ಇನ್ನೂ ಏರಿದರೆ ಪ್ರೋಟೀನಿನ ಮಡಿಕೆಯೇ ಬಿಚ್ಚಿಕೊಳ್ಳುತ್ತದೆ. ಎಲ್ಲ ಕಿಣ್ವಕ್ಕೂ ಹುಳಿ ಶತ್ರು ಅಂತಲ್ಲ. ನಮ್ಮ ಹೊಟ್ಟೆಯ ಪೆಪ್ಸಿನ್‌ಗೆ ಪಿಎಚ್ 2ರ ಆಸುಪಾಸೇ ಹಿತ, ಬಾಯಿಯ ಅಮೈಲೇಸ್‌ಗೆ 7ರ ಹತ್ತಿರ.

ಮೂರನೇ ಭಾನುವಾರ

ನಿಂಬೆಯ ವಿಚಾರಣೆ. ನಿಂಬೆರಸದ ಹುಳಿಯನ್ನು ಅಡುಗೆ ಸೋಡಾ ಹಾಕಿ 6ಕ್ಕೆ ತಂದುಬಿಟ್ಟರೆ ವಿಟಮಿನ್ ಸಿ ಮಾತ್ರ ಉಳಿಯುತ್ತದೆ. ವಿನೆಗರ್‌ಗೂ ಹಾಗೇ ಮಾಡಿದರೆ ಅದರಲ್ಲಿ ಏನೂ ಉಳಿಯುವುದಿಲ್ಲ. ಸೋಡಾ ಒಂದೇ ಸಲ ಸುರಿದೆ, ನೊರೆ ಉಕ್ಕಿ ಮೇಜೆಲ್ಲ ನಿಂಬೆ. "ಈ ಪ್ರಯೋಗ ಎಲ್ಲಾ ಹಿತ್ತಲಲ್ಲಿ ಮಾಡ್ಕೋ ಮಾರಾಯ್ತಿ" ಅಂತ ಒಳಗಿಂದ ದನಿ ಬಂತು. ಚಿಟಿಕೆ ಚಿಟಿಕೆಯಾಗಿ ಹಾಕಬೇಕು. ಗುಳ್ಳೆ ನಿಂತ ಮೇಲೆ ಚೆನ್ನಾಗಿ ಕಲಕಲೂ ಬೇಕು, ಇಲ್ಲದಿದ್ದರೆ ಗುಳ್ಳೆ ಆಮ್ಲಜನಕವನ್ನು ಹೊರಗೆ ತಳ್ಳಿ ಲೆಕ್ಕ ಕೆಡಿಸುತ್ತದೆ.

ಹುಳಿ ಕಳೆದ ವಿನೆಗರ್ ಲೋಟ ಬರೀ ನೀರಿನ ಲೋಟದ ಹಾಗೇ ಕಂದಾಯಿತು. ಅಲ್ಲಿಗೆ ವಿನೆಗರ್ ತಡೆಯುತ್ತಿದ್ದುದು ಹುಳಿಯಿಂದ ಮಾತ್ರ. ಹುಳಿ ಕಳೆದ ನಿಂಬೆಯದು ಸುಮಾರು 25 ನಿಮಿಷ ಅಲುಗಲಿಲ್ಲ. ಆಮೇಲೆ ಬೇರೆ ಲೋಟಗಳಷ್ಟೇ ವೇಗದಲ್ಲಿ ಗುಲಾಬಿ, ಕಂದು. ನನಗೆ ಈ ಇಡೀ ಕೆಲಸದಲ್ಲಿ ತುಂಬ ಇಷ್ಟವಾದ ಫೋಟೋಗಳು ಇವೇ. ಕಿಣ್ವ ಅಷ್ಟೂ ಹೊತ್ತು ಕೆಲಸ ಮಾಡುತ್ತಲೇ ಇತ್ತು. ಅದು ಮಾಡಿದ ಕ್ವಿನೋನನ್ನು ವಿಟಮಿನ್ ಸಿ ಮತ್ತೆ ಫಿನಾಲ್ ಮಾಡಿ ವಾಪಸು ಕಳಿಸುತ್ತಿತ್ತು. ವಿಟಮಿನ್ ಮುಗಿದ ಗಳಿಗೆಯಲ್ಲಿ ಬಣ್ಣ ಶುರು.

ನಿಂಬೆ ಎರಡೂ ಕೈಯಲ್ಲಿ ಹೊಡೆಯುತ್ತದೆ. ಮಜ್ಜಿಗೆಗೆ ಇರುವುದು ಹುಳಿಯ ಕೈ, ಅದೂ ಸ್ವಲ್ಪ ಮೆದು.

ನಾಲ್ಕನೇ ಭಾನುವಾರ

ಹುಳಿಯಲ್ಲಿ ಕಿಣ್ವ ಸಾಯುತ್ತದೋ, ಸುಮ್ನೆ ಮಲಗುತ್ತದೋ? ವಿನೆಗರ್ ಬೆರೆಸಿ 3.9ರಲ್ಲಿ ಹತ್ತು ನಿಮಿಷ ಇಟ್ಟ ರಸಕ್ಕೆ ಸೋಡಾ ಹಾಕಿ 6ಕ್ಕೆ ತಂದೆ. ಎದ್ದು ಕೂತಿತು. ಸ್ವಲ್ಪ ತಡವಾದರೂ ಕಂದಾಯಿತು. ಸಿಟ್ರಿಕ್‌ನಲ್ಲಿ 2.4ರಲ್ಲಿ ಒಂದು ಗಂಟೆ ಇಟ್ಟದ್ದು ಏಳಲೇ ಇಲ್ಲ. ಸಿಟ್ರಿಕ್ ಆಸಿಡ್ ತಾಮ್ರವನ್ನೂ ಹಿಡಿದುಕೊಳ್ಳುತ್ತದೆ, ಅದೇ ಕಾರಣವೋ ಏನೋ ಅಂತ ಅನುಮಾನ ಬಂತು. ಸಿಟ್ರಿಕ್ ಮತ್ತು ಸೋಡಾ ಮೊದಲೇ ಬೆರೆಸಿ 6ಕ್ಕೆ ತಂದು, ಆಮೇಲೆ ಹೊಸ ರಸ ಬಿಟ್ಟೆ. ಅದು ಕಂದಾಯಿತು. ಹಾಗಾಗಿ ಆ ಒಂದು ಗಂಟೆಯ ಹುಳಿಯೇ ಕಿಣ್ವವನ್ನು ಕೆಡಿಸಿದ್ದು.

ಮಜ್ಜಿಗೆಯ ಹುಳಿ ಇದಕ್ಕಿಂತ ತುಂಬ ಕಡಿಮೆ. ದಿಂಡಿನ ಕಿಣ್ವ ಅದರಲ್ಲಿ ಮಲಗಿರುತ್ತದೆ, ಅಷ್ಟೇ ಇರಬೇಕು. ನೋಡೋಣ ಅಂತ ಮಜ್ಜಿಗೆಯಲ್ಲಿ ಅರ್ಧ ಗಂಟೆ ನೆನೆದ ಎಂಟು ಬಿಲ್ಲೆ ತೆಗೆದೆ. ಈ ಸಲ ಎಲ್ಲವೂ ಒಳದಿಂಡಿನವು. ನಾಲ್ಕನ್ನು ಮೂರು ನೀರಲ್ಲಿ ತೊಳೆದೆ, ನಾಲ್ಕನ್ನು ಹಾಗೇ ಇಟ್ಟೆ. ನಲವತ್ತು ನಿಮಿಷಕ್ಕೆ ತೊಳೆದ ನಾಲ್ಕರ ಅಂಚೂ ಕಂದು, ತೊಳೆಯದವು ಬೆಳ್ಳಗೆ.

ಅಮ್ಮ ತಟ್ಟೆ ನೋಡಿ, "ತೊಳೆದಿದ್ದು ಯಾಕೆ? ಹಿಂಡಿ ಸೀದಾ ಒಗ್ಗರಣೆಗೆ ಹಾಕ್ಬೇಕು" ಅಂತ ಉಳಿದ ನಾಲ್ಕನ್ನು ಬಾಣಲೆಗೆ ಹಾಕಿಕೊಂಡು ಹೋದಳು. ಆರನೇ ಫೋಟೋ ಬಾಕಿ ಇತ್ತು.