ಸ್ವೀಡಿಷ್ ಬರೋದಕ್ಕೆ ಎಷ್ಟು ದಿನ ಬೇಕು?

ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಹೊರಟು ನಿಂತ ಗೆಳೆಯರು ನನ್ನನ್ನು ಮೊದಲು ಕೇಳುವುದು ಇದನ್ನೇ. ತಿಂಗಳ ಲೆಕ್ಕ ಬಿಡಿ, ಗಂಟೆಯ ಲೆಕ್ಕ ಹಾಕಿ ಅನ್ನುತ್ತೇನೆ.

ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಸ್ವೀಡಿಷ್ ಕಲಿಸಲು ಸುಮಾರು 600ರಿಂದ 750 ಗಂಟೆಗಳ ಪಾಠ ಬೇಕೆಂದು ಹೇಳುತ್ತದೆ. ಅವರಿಗೆ ದಿನವಿಡೀ ಅದೇ ಕೆಲಸ. ನಾನು ಹೋಗಿದ್ದು ಎಸ್‌ಎಫ್‌ಐಗೆ, ಅಂದರೆ ವಲಸೆ ಬಂದವರಿಗಾಗಿ ಇಲ್ಲಿ ಉಚಿತವಾಗಿ ನಡೆಯುವ ತರಗತಿಗೆ. ಆಫೀಸು ಮುಗಿಸಿಕೊಂಡು ವಾರಕ್ಕೆ ಎರಡು ಸಂಜೆ, ಮೂರು ಮೂರು ಗಂಟೆ. ಆ ಲೆಕ್ಕದಲ್ಲಿ 600 ಗಂಟೆಗೆ 100 ವಾರ ಬೇಕು. ಎರಡು ವರ್ಷವೇ ಆಯಿತಲ್ಲ! ಕಾಲೇಜು ಓದಿಕೊಂಡು ಬಂದವರನ್ನು ಎ, ಬಿ ಬಿಟ್ಟು ನೇರವಾಗಿ ಸಿ ಹಂತಕ್ಕೆ ಸೇರಿಸುತ್ತಾರೆ, ಆಮೇಲೆ ಕೊನೆಯ ಹಂತ ಡಿ. ಅವೆರಡನ್ನು ಮುಗಿಸಲು ನನಗೆ ಒಂದೂವರೆ ವರ್ಷ ಹಿಡಿಯಿತು.

ಕನ್ನಡದ ಕಿವಿ ಇದ್ದವರಿಗೆ ಒಂದು ಅನುಕೂಲವಿದೆ. 'ತಾಕ್' ಅಂದರೆ ಛಾವಣಿ, 'ತಕ್ಕ್' ಅಂದರೆ ಧನ್ಯವಾದ. ನನ್ನ ಪಕ್ಕ ಕೂರುತ್ತಿದ್ದವರು ಈ ವ್ಯತ್ಯಾಸಕ್ಕೆ ತಿಣುಕುತ್ತಿದ್ದರು. ಬಳಿ, ಬಳ್ಳಿ ಎಂದು ಬೇರೆ ಬೇರೆಯಾಗಿ ಕೇಳಿಸಿಕೊಂಡು ಬೆಳೆದ ನಮಗೆ ಅದೇನು ಹೊಸದಲ್ಲ. 'ಬೂಕ್' ಎಂದರೆ ಪುಸ್ತಕ, ಆ ಪುಸ್ತಕ ಎನ್ನಬೇಕಾದರೆ 'ಬೂಕೆನ್'. ನಮ್ಮ ವಿಭಕ್ತಿ ಪ್ರತ್ಯಯದ ಹಾಗೆ ಬಾಲಕ್ಕೆ ಅಂಟುತ್ತದೆ. ಆದರೆ ಯಾವ ಪದಕ್ಕೆ 'ಎನ್', ಯಾವುದಕ್ಕೆ 'ಎತ್' ಎಂಬುದನ್ನು ಬಾಯಿಪಾಠ ಮಾಡದೆ ಗತಿಯಿಲ್ಲ.

ಕಷ್ಟ ವ್ಯಾಕರಣದ್ದಲ್ಲ. ಡಿಸೆಂಬರಿನಲ್ಲಿ ಇಲ್ಲಿ ಮಧ್ಯಾಹ್ನ ಮೂರೂವರೆಗೇ ಕತ್ತಲು. ಆ ಕತ್ತಲಲ್ಲಿ, ಮಳೆಯಲ್ಲಿ ತರಗತಿಗೆ ಹೋಗಿ ಬಂದು, ಮರುದಿನ ಅಂಗಡಿಯಲ್ಲಿ ಕಷ್ಟಪಟ್ಟು ಒಂದು ವಾಕ್ಯ ಆಡಿದರೆ ಎದುರಿನವರು ಇಂಗ್ಲಿಷಿಗೆ ಹೊರಳುತ್ತಾರೆ. ಅವರದು ಒಳ್ಳೆಯ ಮನಸ್ಸೇ. ಆದರೂ ನನಗೆ ಪ್ರತಿ ಸಲವೂ ಬಾಗಿಲು ಮುಚ್ಚಿದಂತಾಗುತ್ತಿತ್ತು. ಎರಡನೇ ಚಳಿಗಾಲದಲ್ಲಿ ಬಿಟ್ಟೇಬಿಡೋಣ ಅನ್ನಿಸಿತ್ತು.

ನನ್ನನ್ನು ಉಳಿಸಿದ್ದು ನಮ್ಮ ಕಟ್ಟಡದ ನೆಲಮಾಳಿಗೆಯ 'ತ್ವೆತ್‌ಸ್ತೂಗಾ', ಎಲ್ಲ ಮನೆಗಳಿಗೂ ಸೇರಿದ ಬಟ್ಟೆ ಒಗೆಯುವ ಕೋಣೆ. ಗೋಡೆಯ ಬೋರ್ಡಿನಲ್ಲಿ ನಮ್ಮ ಮನೆಯ ಪುಟ್ಟ ಬೀಗವನ್ನು ಯಾವ ಹೊತ್ತಿನ ತೂತಿಗೆ ಸಿಕ್ಕಿಸುತ್ತೇವೋ ಆ ಹೊತ್ತು ನಮ್ಮದು. ಸೋಮವಾರ ನನಗಿಂತ ಮುಂಚಿನ ಹೊತ್ತು ಎರಡನೇ ಮಹಡಿಯ ಅಜ್ಜಿಯದು. ಒಂದು ಸಂಜೆ ಅವರು ದೊಡ್ಡ ಬೆಡ್‌ಶೀಟಿನ ಎರಡು ತುದಿಗಳನ್ನು ನನ್ನ ಕೈಗಿತ್ತು, ತಾವೆರಡು ಹಿಡಿದು ಹಿಂದೆ ಸರಿದರು. ಬಿಗಿಯಾಗಿ ಎಳೆಯುವುದು, ಮಡಚುವುದು, ಹತ್ತಿರ ಬರುವುದು, ಮತ್ತೆ ದೂರ. 'ಲಾಕನ್' ಎಂದರು, ಬೆಡ್‌ಶೀಟ್ ತೋರಿಸಿ. 'ಎತ್ ಲಾಕನ್, ಲಾಕನೆತ್.' ನಾನು ಪದಕ್ಕಾಗಿ ತಡಕಾಡಿದಾಗ ಅವರು ಇಂಗ್ಲಿಷಿಗೆ ಹೋಗಲಿಲ್ಲ. ಬಟ್ಟೆ ಹಿಡಿದುಕೊಂಡೇ ಕಾದರು. ಆ ಪದಕ್ಕೆ 'ಎತ್' ಎಂಬುದನ್ನು ನಾನು ಇನ್ನು ಮರೆಯುವ ಮಾತೇ ಇಲ್ಲ.

ಆಮೇಲೆ ಸೋಮವಾರಕ್ಕಾಗಿ ಓದತೊಡಗಿದೆ. ಅಜ್ಜಿಗೆ ಹೇಳಲು ಒಂದು ಸುದ್ದಿಯಾದರೂ ಇರಲೆಂದು, ಸುಲಭ ಸ್ವೀಡಿಷ್‌ನಲ್ಲಿ ಬರುವ 'ಒತ್ತ ಸೀದುರ್' ಪತ್ರಿಕೆ ತಿರುವಿ ಹಾಕುತ್ತಿದ್ದೆ. ಅಂಗಡಿಯಲ್ಲಿ 'ಕಾನ್ ವಿ ತಾ ದೆ ಪೊ ಸ್ವೆನ್ಸ್ಕಾ?' ಎಂದು ಕೇಳುವ ಧೈರ್ಯವೂ ಬಂತು. ಸ್ವೀಡಿಷ್‌ನಲ್ಲೇ ಮಾತಾಡೋಣವೇ ಎಂದು ಅರ್ಥ. ಹಾಗೆ ಕೇಳಿದರೆ ಬೇಡ ಅಂದವರನ್ನು ನಾನಂತೂ ಕಂಡಿಲ್ಲ. ಹೊಸದಾಗಿ ಬರುವವರು ಇದೊಂದು ವಾಕ್ಯವನ್ನು ಮೊದಲ ವಾರವೇ ಕಲಿಯಿರಿ.

ಕಳೆದ ಬೇಸಿಗೆಯಲ್ಲಿ ನನ್ನ ಸೋದರಮಾವ ಬಂದಿದ್ದರು. ಬಟ್ಟೆ ಒಗೆಯುವ ಕೋಣೆಯಲ್ಲಿ ಅಜ್ಜಿ, ಇವರು ಯಾರು ಎಂದು ಕೇಳಿದರು. ಇಂಗ್ಲಿಷಿನಲ್ಲಾದರೆ ಅಂಕಲ್ ಅನ್ನಬೇಕಿತ್ತು. ಸ್ವೀಡಿಷ್‌ನಲ್ಲಿ ನಮ್ಮಲ್ಲಿರುವ ಹಾಗೆಯೇ ತಾಯಿಯ ಅಣ್ಣತಮ್ಮಂದಿರಿಗೆ ಬೇರೆ ಪದ, ತಂದೆಯ ಅಣ್ಣತಮ್ಮಂದಿರಿಗೆ ಬೇರೆ ಪದ ಇದೆ. 'ಮಿನ್ ಮುರ್‌ಬ್ರೂರ್' ಎಂದೆ.

"ಏನಂದ್ಯೋ ನನ್ನ ಬಗ್ಗೆ?" ಮಾವ ಕೇಳಿದರು.

"ಸೋದರಮಾವ ಅಂದೆ, ಮಾವ."

ಅಷ್ಟರಲ್ಲಿ ಅಜ್ಜಿ ಬೆಡ್‌ಶೀಟಿನ ಎರಡು ತುದಿಗಳನ್ನು ಅವರ ಕೈಗೂ ಕೊಟ್ಟಾಗಿತ್ತು.