ಮೊಜಾರ್ಟ್ ಪತ್ರ ಓದುವ ಮೊದಲು, ಅದು ಯಾರಿಗೆ ಬರೆದದ್ದು ನೋಡಿ

1778ರ ಜುಲೈ 3ರ ರಾತ್ರಿ ಪ್ಯಾರಿಸ್‌ನಲ್ಲಿ ಮೊಜಾರ್ಟ್‌ನ ತಾಯಿ ತೀರಿಕೊಂಡಳು. ಆ ರಾತ್ರಿಯೇ ಅವನು ಸಾಲ್ಜ್‌ಬರ್ಗ್‌ಗೆ ಎರಡು ಪತ್ರ ಬರೆದ. ತಂದೆ ಲಿಯೊಪೋಲ್ಡ್‌ಗೆ ಬರೆದದ್ದರಲ್ಲಿ ಅಮ್ಮನಿಗೆ ತುಂಬ ಹುಷಾರಿಲ್ಲ ಎಂದಷ್ಟೇ ಇದೆ. ಆಮೇಲೆ ಹೊಸ ಸಿಂಫನಿಗೆ ಬಿದ್ದ ಚಪ್ಪಾಳೆಯ ವಿಷಯ, ವೋಲ್ಟೇರ್ ಸತ್ತ ಸುದ್ದಿ. ಇನ್ನೊಂದು, ಮನೆಯವರಿಗೆ ಆಪ್ತನಾಗಿದ್ದ ಪಾದ್ರಿ ಬುಲಿಂಗರ್‌ಗೆ: ಅಮ್ಮ ಹೋದಳು, ಅಪ್ಪನ ಮನಸ್ಸನ್ನು ನೀವು ಮೆಲ್ಲಗೆ ಅಣಿಗೊಳಿಸಬೇಕು. ತಂದೆಗೆ ನಿಜ ತಿಳಿಸಿದ್ದು ಜುಲೈ 9ರ ಪತ್ರದಲ್ಲಿ.

ಮೊದಲನೆಯದನ್ನಷ್ಟೇ ಓದಿದರೆ ಇವನದು ಕಲ್ಲೆದೆ ಅನ್ನಿಸುತ್ತದೆ. ಎರಡನ್ನೂ ಜೊತೆಗಿಟ್ಟು ಓದಿ. ತಾಯಿಯನ್ನು ಆಗಷ್ಟೇ ಕಳೆದುಕೊಂಡ 22ರ ಹುಡುಗ, ದೂರದಲ್ಲಿ ಕೂತು ಪತ್ರ ಒಡೆಯುವ ತಂದೆಯ ಸ್ಥಿತಿಯನ್ನು ಊಹಿಸುತ್ತಿದ್ದಾನೆ. ಎದುರಿನವರ ಮನಸ್ಸಿಗೆ ಹೊಂದುವ ದನಿ ಹುಡುಕುವುದು ಅವನ ಸ್ವಭಾವದಲ್ಲೇ ಇತ್ತು. ಆಪೆರಾದಲ್ಲಿ ಪ್ರತಿ ಪಾತ್ರಕ್ಕೂ ಬೇರೆ ರಾಗದ ನಡೆ ಕೊಟ್ಟ ಶಕ್ತಿಯೂ ಇದೇ ಎಂದು ನನ್ನ ನಂಬಿಕೆ.

ಔಗ್ಸ್‌ಬರ್ಗ್‌ನಲ್ಲಿದ್ದ ಚಿಕ್ಕಪ್ಪನ ಮಗಳಿಗೆ ಬರೆದವು ಮಲಮೂತ್ರದ ತಮಾಷೆ, ಪ್ರಾಸದ ಹುಚ್ಚಾಟಗಳಿಂದ ತುಂಬಿವೆ. ಇದನ್ನು ಕಾಯಿಲೆ ಎಂದು ಬಗೆಯುವ ಮುನ್ನ ಅವನ ತಾಯಿಯ ಪತ್ರಗಳನ್ನೂ ನೋಡಬೇಕು. ಅಲ್ಲೂ ಅದೇ ಹಾಸ್ಯವಿದೆ. ಆ ಮನೆಯಲ್ಲಿ ಅದು ಸಲುಗೆಯ ಮಾತು.

ಅದೇ ಕೈ 1781ರ ಸೆಪ್ಟೆಂಬರ್ 26ರಂದು ತಂದೆಗೆ ಬರೆದದ್ದು ಸಂಗೀತದ ಪಾಠದಂತಿದೆ. ಆಗ ಬರೆಯುತ್ತಿದ್ದ ಆಪೆರಾದ ಪಾತ್ರ ಓಸ್ಮಿನ್ ಕೋಪದಲ್ಲಿ ಮಿತಿ ಮೀರುತ್ತಾನೆ, ಹಾಗಾಗಿ ಸಂಗೀತವೂ ತನ್ನ ಸ್ವರನೆಲೆ ಬಿಡಬೇಕು. ಆದರೆ ಕಿವಿಗೆ ನೋವಾಗಬಾರದು. ಅದಕ್ಕೇ ಎಫ್ ಮೇಜರ್ ಸ್ವರನೆಲೆಯಿಂದ ತೀರ ಹತ್ತಿರದ ಡಿ ಮೈನರ್ ಬಿಟ್ಟು ತುಸು ಆಚೆಯ ಎ ಮೈನರ್‌ಗೆ ಹೋದೆ ಎನ್ನುತ್ತಾನೆ. ಹಾಡುವವನು ಕೆರಳಿದಾಗಲೂ ಬರೆಯುವವನು ಕೆರಳಿಲ್ಲ.

ಸಾಲದ ಪತ್ರಗಳಲ್ಲಿ ಎಡವುವುದು ಸುಲಭ. 1788ರ ಜೂನ್‌ನಲ್ಲಿ ವ್ಯಾಪಾರಿ ಮಿತ್ರ ಪುಖ್‌ಬರ್ಗ್‌ನನ್ನು ಅವನು ಒಂದೆರಡು ಸಾವಿರ ಗುಲ್ಡನ್ ಕೇಳಿದ. ಪುಖ್‌ಬರ್ಗ್ 200 ಕಳಿಸಿ, ಆ ಮೊತ್ತವನ್ನು ಪತ್ರದ ಮೇಲೇ ಗುರುತು ಹಾಕಿಟ್ಟ. ಈ ಪತ್ರಗಳ ದೈನ್ಯ ಓದಲು ಸಂಕಟವಾಗುತ್ತದೆ. ಜೂನ್ 27ರದರಲ್ಲಂತೂ ಕಪ್ಪು ಯೋಚನೆಗಳನ್ನು ಬಲವಂತವಾಗಿ ಓಡಿಸಬೇಕಾಗಿದೆ ಎನ್ನುತ್ತಾನೆ. ಆದರೆ ಅದರಲ್ಲೇ, ಹೊಸ ಮನೆಗೆ ಬಂದ ಹತ್ತು ದಿನದಲ್ಲಿ ಹಿಂದಿನ ಎರಡು ತಿಂಗಳಿಗಿಂತ ಹೆಚ್ಚು ಕೆಲಸವಾಯಿತು ಎಂದೂ ಇದೆ. ಕೊನೆಯ ಮೂರು ಸಿಂಫನಿಗಳು ಮುಗಿದದ್ದು ಆ ಬೇಸಿಗೆಯಲ್ಲೇ; ಅವನ ಸ್ವಂತ ಪಟ್ಟಿಯಲ್ಲಿರುವ ದಿನಾಂಕಗಳು ಜೂನ್ 26, ಜುಲೈ 25, ಆಗಸ್ಟ್ 10. ಹಾಗಾಗಿ ಪತ್ರದ ಪಕ್ಕದಲ್ಲಿ ಆ ಪಟ್ಟಿಯೂ ತೆರೆದಿರಲಿ. ಹಣ ಕೇಳುವ ಪತ್ರದಲ್ಲಿ ಕಷ್ಟವೇ ಮುಂದೆ ನಿಲ್ಲುತ್ತದೆ.

ಇನ್ನೊಂದು ಎಚ್ಚರ: 1781ರ ನಂತರ ತಂದೆ ಅವನಿಗೆ ಬರೆದ ಪತ್ರಗಳು ಉಳಿದಿಲ್ಲ. ಅಪ್ಪ-ಮಗನ ಜಗಳದಲ್ಲಿ ನಮಗೆ ಕೇಳುವುದು ಮಗನ ದನಿಯೊಂದೇ. ಲಿಯೊಪೋಲ್ಡ್‌ನನ್ನು ಅಷ್ಟರಿಂದ ತೂಗುವುದು ಅನ್ಯಾಯ. ಇಡೀ ಕೃತಿ ಒಂದೇ ನೋಟಕ್ಕೆ ಮನಸ್ಸಿನಲ್ಲಿ ಕಾಣುತ್ತದೆ ಎಂದು ಮೊಜಾರ್ಟ್ ಬರೆದನೆನ್ನುವ ಪ್ರಸಿದ್ಧ ಪತ್ರವನ್ನಂತೂ ಪಕ್ಕಕ್ಕಿಡಿ. ಅದು 1815ರಲ್ಲಿ ಸಂಗೀತ ವಿಮರ್ಶಕ ರೋಖ್ಲಿಟ್ಸ್ ಪ್ರಕಟಿಸಿದ್ದು, ವಿದ್ವಾಂಸರು ಅದನ್ನು ನಕಲಿ ಎಂದೇ ಎಣಿಸುತ್ತಾರೆ.

ಮೊಜಾರ್ಟ್‌ನ ವೈರಿಯೆಂದು ಕಥೆಗಳಲ್ಲಿ ಬರುವ ಸಂಗೀತಗಾರ ಸಾಲಿಯೇರಿಯ ಬಗ್ಗೆ ಕೇಳುವವರು 1791ರ ಅಕ್ಟೋಬರ್ 14ರಂದು ಹೆಂಡತಿ ಕಾನ್‌ಸ್ಟಾಂಜ್‌ಗೆ ಬರೆದದ್ದನ್ನು ಓದಬೇಕು. ಹಿಂದಿನ ಸಂಜೆ ಸಾಲಿಯೇರಿಯನ್ನು ತಾನೇ ಗಾಡಿಯಲ್ಲಿ ತನ್ನ ಆಪೆರಾ ‘ಮ್ಯಾಜಿಕ್ ಫ್ಲೂಟ್’ಗೆ ಕರೆದೊಯ್ದಿದ್ದ. ಮೊದಲಿನಿಂದ ಕೊನೆಯ ಮೇಳಗಾನದವರೆಗೆ ಒಂದೊಂದಕ್ಕೂ ಅವನ ಬಾಯಲ್ಲಿ ‘ಬ್ರಾವೊ’, ‘ಬೆಲ್ಲೊ’ ಬಂತೆಂದು ಹಿಗ್ಗಿ ಹೇಳುತ್ತಾನೆ.